ಗೇಟಿನ ರಾಜಾಸಾಬರು ಕಂಡ ಸಮುದ್ರ

ಊರ ಕಾಲುವೆಯ ಗೇಟನ್ನು ಮೂವತ್ತು ವರ್ಷ ಏರಿಸಿ ಇಳಿಸಿ ನಿವೃತ್ತರಾದ ನಮ್ಮ ಮರಳಿ ಗ್ರಾಮದ ರಾಜಾಸಾಬರಿಲ್ಲದೆ ಕರಾವಳಿ ನೋಡಲು ಕ್ರೂಸರ್ ಜೀಪು ಹೊರಡುವುದೇ ಇಲ್ಲ. ಅವರಿಗೆ ಜಗತ್ತಿನಲ್ಲಿ ನೋಡತಕ್ಕದ್ದು ನೀರೊಂದೇ. ಮಿರ್ಜಾನ್ ಕೋಟೆಯಲ್ಲಿ ನಾವೆಲ್ಲ ಫೋಟೊಕ್ಕೆ ನಿಂತರೆ ಇವರು ಬಾವಿಗೆ ಬಗ್ಗಿರುತ್ತಾರೆ. ತದಡಿಯಲ್ಲಿ ಬಲೆ ಹೊಲಿಯುವ ಮೀನುಗಾರರ ನಡುವೆ ಕುಕ್ಕರಗಾಲಲ್ಲಿ ಕೂತು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಂಚಿ, ಸಮುದ್ರದತ್ತ ಕೈ ಮಾಡಿ, "ಎಷ್ಟು ಟಿಎಂಸಿ ಐತ್ರಿ ಇದು?" ಎನ್ನುತ್ತಾರೆ. ಮೀನುಗಾರರು ನಕ್ಕರೆ ಇವರಿಗೆ ಸಿಟ್ಟು: "ಅಳತಿನ ಗೊತ್ತಿಲ್ಲಂದ್ರ ಇಷ್ಟ ನೀರು ಹೆಂಗ ಕಾಯ್ತೀರ್ರಿ?" ಉಬ್ಬರ ಬಂದಿತೋ, "ಯಾರೋ ಮ್ಯಾಲ ಗೇಟ ಎತ್ಯಾರ, ಹಿಂದ ಸರೀರಿ!" ಎಂದು ನಮ್ಮನ್ನೆಲ್ಲ ದಡಕ್ಕೆ ಅಟ್ಟುತ್ತಾರೆ. ಆದರೆ ಪ್ರತಿವರ್ಷ ಊರಿಗೆ ವಾಪಸು ಹೊರಡುವ ಮುನ್ನ ಒಬ್ಬರೇ ಮೊಣಕಾಲುದ್ದ ನೀರಿಗಿಳಿದು, ಬೊಗಸೆ ತುಂಬಿ ನಾಲಿಗೆಗೆ ಮುಟ್ಟಿಸಿ, ಮುಖ ಕಿವುಚಿಕೊಂಡು ಬರುತ್ತಾರೆ. "ಉಪ್ಪು ಅಂತ ಗೊತ್ತಿದ್ದೂ ಯಾಕ ಕುಡೀತಿ ಕಾಕಾ?" ಎಂದು ಈ ಸಲ ಕೇಳಿಯೇಬಿಟ್ಟೆ. ಅವರು ಲುಂಗಿಯ ಅಂಚು ಹಿಂಡುತ್ತ ಹೇಳಿದರು: "ಕಾಲುವಿ ಕಡೀ ಹೊಲದವ್ರಿಗೆ ಮೂವತ್ತ ವರ್ಷ ನೀರಿಲ್ಲ ಅಂತ ಹೇಳಿದಾಂವ ನಾನಪಾ. ಒಂದ ವ್ಯಾಳೆ ಇದು ಸಿಹಿ ಆಗಿದ್ರ, ಮೊದಲ ಅವ್ರಿಗೆ ಹೇಳಬೇಕಲ್ಲ?"