ಹಂದಿಯಂಥ ನಾಯಿ

ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಕುಶಾಲನಗರದ ಹತ್ತಿರ ಒಂದು ಕಲ್ಯಾಣ ಮಂಟಪದಲ್ಲಿ ಜಾಗ ಕೊಟ್ಟಿದ್ದರು. ಅಲ್ಲಿನ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡಲು ಮೈಸೂರಿನಿಂದ ಒಬ್ಬ ಮೇಡಂ ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಅವರ ಸಹಾಯಕ. ನನ್ನ ಅರ್ಹತೆ ಇಷ್ಟೇ: ಡಿಗ್ರಿ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದೆ, ಮತ್ತು ಬೈಕ್ ಇತ್ತು.

ಮದುಮಗಳ ಕೋಣೆಯೇ ನಮ್ಮ ಕ್ಲಿನಿಕ್. "ಮರಳಿನ ಟ್ರೇ ಇಡಿ. ಮಗು ಹೇಗೆ ಆಡುತ್ತೋ ಆಡ್ಲಿ. ನೀವು ಏನೂ ಮಾಡ್ಬೇಡಿ," ಎಂದಿದ್ದರು ಮೇಡಂ. ಏನೂ ಮಾಡದಿರುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ ಎಂದು ನಮ್ಮ ಮನೆಯವರೆಲ್ಲ ನಂಬಿದ್ದರು. ಅದೂ ಸುಳ್ಳಾಯಿತು.

ಏಳು ವರ್ಷದ ಒಬ್ಬ ಹುಡುಗಿ ಬರುತ್ತಿದ್ದಳು. ಗುಡ್ಡ ಜಾರಿದ ದಿನದಿಂದ ಅವಳು ಮಾತಾಡಿರಲಿಲ್ಲ. ಇವತ್ತಾದರೂ ಒಂದು ಮಾತು ಬರುತ್ತದೆಯೋ ಎಂದು ಅವಳ ಅಮ್ಮ ಬಾಗಿಲಲ್ಲಿ ಕೂತು ಕಾಯುತ್ತಿದ್ದರು.

ಆ ದಿನ ಮರಳು ಸಿಗದೆ ನಮ್ಮ ತೋಟದ ಕೆಂಪು ಮಣ್ಣು ತಂದೆ. ಮಣ್ಣು ಕಂಡಮೇಲೆ ಕೈ ಸುಮ್ಮನಿರಲಿಲ್ಲ. ಗುಡ್ಡ ಕಟ್ಟಿದೆ, ಕಾಫಿ ರೆಂಬೆ ನೆಟ್ಟೆ, ಕೆಳಗೆ ಬೆಂಕಿಪೊಟ್ಟಣದ ಮನೆ ಇಟ್ಟೆ. ಕಾಫಿ ಹೂ ಅರಳಲಿ ಎಂದು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸುವುದು ನಮ್ಮ ಕಡೆಯ ರೂಢಿ. ಸ್ಪ್ರಿಂಕ್ಲರ್ ಇರಲಿಲ್ಲ, ಚೊಂಬು ಇತ್ತು. ಅದರಲ್ಲೇ ನೀರು ಸುರಿದೆ.

ಗುಡ್ಡ ಜಾರಿತು. ಮನೆ ಮುಚ್ಚಿಹೋಯಿತು.

ನಾನು ಮಾಡಿದ್ದೇನೆಂದು ಕೋಣೆಯಲ್ಲಿದ್ದವರಿಗೆಲ್ಲ ನನಗಿಂತ ಮೊದಲೇ ಗೊತ್ತಾಯಿತು. ಮೇಡಂ ಕಣ್ಣು ಮುಚ್ಚಿಕೊಂಡರು.

ಹುಡುಗಿ ಟ್ರೇ ಹತ್ತಿರ ಬಂದು ಮಣ್ಣು ಕೆದಕಿದಳು. ಬೆಂಕಿಪೊಟ್ಟಣ ಹೊರಗಿಟ್ಟು ಮತ್ತೂ ಕೆದಕಿದಳು.

"ನಾಯಿ ಎಲ್ಲಿ?"

ಅಮ್ಮ ಎದ್ದು ನಿಂತರು. ಮೇಡಂ ಕೈಸನ್ನೆಯಲ್ಲೇ ಅವರನ್ನು ತಡೆದರು.

"ನಾಯಿ ಇಟ್ಟಿಲ್ಲ ಪುಟ್ಟಿ," ಅಂದೆ.

"ಮನೆ ಹಿಂದೆ ಇತ್ತು. ಕಟ್ಟಿಹಾಕಿತ್ತು. ನಾನು ಬಿಚ್ಚಿಲ್ಲ."

ಅಮ್ಮ ನಿಂತಲ್ಲೇ ಮತ್ತೆ ಕೂತರು. "ಬಿಚ್ಚೋ ಕೆಲ್ಸ ನಂದು ಮಗ, ನಿಂದಲ್ಲ," ಅಂದರು ಮೆಲ್ಲಗೆ.

ನಾನು ಒದ್ದೆ ಮಣ್ಣಿನಲ್ಲಿ ಒಂದು ನಾಯಿ ಮಾಡಿಕೊಟ್ಟೆ. "ಇದು ಹಂದಿ," ಅಂದಳು. ಇನ್ನೊಂದು ಮಾಡಿದೆ. ಅದು ಇನ್ನೂ ದಪ್ಪ ಹಂದಿ. ಅವಳು ಅದರ ಕುತ್ತಿಗೆಗೆ ನೂಲು ಕಟ್ಟಿ, ಬಿಚ್ಚಿ, ಕಿಟಕಿಯ ಮೇಲಿಟ್ಟಳು. ಮತ್ತೆ ತಂದು ಕಟ್ಟಿದಳು, ಮತ್ತೆ ಬಿಚ್ಚಿದಳು. ಅಮ್ಮ ಪಕ್ಕಕ್ಕೆ ಬಂದು ಕೂತಾಗ ನೂಲನ್ನು ಅವರ ಕೈಗೆ ಕೊಟ್ಟಳು.

ಹೊರಡುವಾಗ ಮೇಡಂ, "ಇದನ್ನ ಚಿಕಿತ್ಸೆ ಅಂತ ಎಲ್ಲೂ ಹೇಳ್ಕೋಬೇಡಿ. ನೀವು ಕೆಡಿಸಿದ್ದನ್ನ ಮಗು ಸುಧಾರಿಸ್ತು ಅಷ್ಟೆ. ಮಣ್ಣು ಇರ್ಲಿ, ಚೊಂಬು ಬೇಡ," ಎಂದರು.

ಮುಂದಿನ ವಾರ ಟ್ರೇ ಇಟ್ಟು ಕೈಕಟ್ಟಿ ಕೂತೆ. ಹುಡುಗಿ ಟ್ರೇಯನ್ನು ನನ್ನ ಕಡೆ ತಳ್ಳಿದಳು.

"ಎಂತ ಅಣ್ಣ, ಸುಮ್ನೆ ಕೂತಿದ್ದೀರಿ? ಹಂದಿ ಮಾಡಿ."