ಹಿಮದಲ್ಲಿ ಒಡೆಯದ ನಿಂಬೆಹಣ್ಣು

ಸ್ಪೇನಿನ ಬೆಟ್ಟದ ಮೇಲೊಂದು ಕಾಫಿ ಅಂಗಡಿ. ಮುಂದೆ ನಮ್ಮ ಬಾಡಿಗೆ ಕಾರು. ಹಿಮ ಮುಚ್ಚಿದ ಇಳಿಜಾರು ಕಂಡು, ಸ್ಟಿಯರಿಂಗ್ ಹಿಡಿದ ನಾನು ಬ್ರೇಕನ್ನು ಎರಡೆರಡು ಸಲ ಒತ್ತಿ ನೋಡಿದೆ. ಜರಗನಹಳ್ಳಿಯ ಮಂಜ, ನನ್ನ ಕಾಲೇಜು ಗೆಳೆಯ, ಅದೇ ಅಂಗಡಿಯಲ್ಲಿ ಕೊಂಡ ನಿಂಬೆಹಣ್ಣುಗಳನ್ನು ನಾಲ್ಕೂ ಚಕ್ರಕ್ಕೆ ಇಟ್ಟು ಬಂದ.

"ನಿಧಾನಕ್ಕೆ ಮುಂದೆ ತಗೋ ಮಗಾ."

ತೆಗೆದುಕೊಂಡೆ. ಸದ್ದೇ ಇಲ್ಲ. ಹಣ್ಣುಗಳು ಒಡೆಯದೆ ಇಡಿಯಾಗಿ ಹಿಮದೊಳಗೆ ಹೂತುಹೋಗಿದ್ದವು.

"ಒಡೀದೇ ಹೊರಡೋದಾ? ಆಗಲ್ಲ ಗುರು." ಮಂಜ ಹಿಮದಲ್ಲೇ ಮಂಡಿಯೂರಿ ಹಣ್ಣುಗಳನ್ನು ಹೆಕ್ಕಿದ.

"ಇವನು ಮನೆ ಪಕ್ಕದ ಬನಶಂಕರಿಗೆ ಹೋಗೋಕೂ ನಿಂಬೆಹಣ್ಣು ಇಡೋನು," ಎಂದು ಹಿಂದಿನ ಸೀಟಿನಿಂದ ಗೆಳತಿ ಸುಧಾ ನಕ್ಕಳು. ಸೀಟ್ ಬೆಲ್ಟನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದಿದ್ದಳು.

ಕಾರು ಸಿಕ್ಕಿಕೊಂಡಿದೆ ಎಂದುಕೊಂಡಿರಬೇಕು, ಅಂಗಡಿಯ ಅಜ್ಜಿ ಸಲಿಕೆ ಹಿಡಿದು ಬಂದರು. ಮಂಜ ಹಣ್ಣು ತೋರಿಸಿ, ಚಕ್ರ ತೋರಿಸಿ, ಆಕಾಶಕ್ಕೆ ಕೈಮುಗಿದ. ಅಜ್ಜಿ ಸಲಿಕೆ ಊರಿ ಬಗ್ಗಿದರು. ಒಂದು ಚಕ್ರದ ಮುಂದೆ ಕಲ್ಲು ಕಾಣುವ ತನಕ ಹಿಮ ಕೆರೆದು, ಹಣ್ಣನ್ನು ತಾವೇ ಇಟ್ಟರು. ನಾನು ಕಾರನ್ನು ತುಸು ಮುಂದೆ ತೆಗೆದುಕೊಂಡೆ.

ಪಟ್!

"ಒಂದು ಸಾಕು, ನಡಿ," ಎಂದು ಮಂಜ ಒಳಗೆ ಹತ್ತಿದ. ನಾನು ಹೊರಡಲಿದ್ದೆ. ಅಜ್ಜಿ ಬಾನೆಟ್ ಬಡಿದು ನಿಲ್ಲಿಸಿದರು. ಸಲಿಕೆ ಎತ್ತಿಕೊಂಡು ಎರಡನೆಯ ಚಕ್ರದ ಕಡೆಗೆ ನಡೆದರು.