ಒಂದು ಸಬ್‌ಮರೀನ್, ಇಬ್ಬರು ವಾರಸುದಾರರು

ತೊಂಬತ್ತರ ದಶಕದ ದುಬೈಯ ಕರಾಮದಲ್ಲಿ ಹರ್ಬರ್ಟ್ ಲೋಬೊ ಎರಡು ಕಾರಣಕ್ಕೆ ಹೆಸರುವಾಸಿ. ಒಂದು, ದೇರಾದ ದೋಣಿ ಸಾಮಾನಿನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಬಣ್ಣ, ಲಂಗರು, ಲಾಟೀನು ಮಾರುತ್ತಿದ್ದರೂ ಒಮ್ಮೆಯೂ ದೋಣಿ ಹತ್ತಿದವನಲ್ಲ, ವಾಂತಿಯ ಭಯ. ಇನ್ನೊಂದು, ಮಹಾಯುದ್ಧದಲ್ಲಿ ಶತ್ರುವಿನ ಸಬ್‌ಮರೀನ್ ಮುಳುಗಿಸಿದ ಲೂರ್ದ್ ಲೋಬೊ ಅವರ ಮಗ.

ಪ್ರತಿ ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಹೋಟೆಲಿನಲ್ಲಿ ಬನ್ಸ್, ಚಹಾ ಬಂದ ಮೇಲೆ ಹರ್ಬರ್ಟ್ ಆ ಸಬ್‌ಮರೀನನ್ನು ಹೊರತೆಗೆಯುತ್ತಿದ್ದ.

"ಮರದ ಬೋಟ್ ಮಾರಾಯ್ರೆ, ಮರದ್ದು!" ಎಂದು ಮೇಜಿಗೆ ಬಡಿಯುತ್ತಿದ್ದ. "ಎರಡು ಬಸ್ಸಿನಷ್ಟು ಉದ್ದ, ಹನ್ನೆರಡು ಜನ. ಬೊಂಬಾಯಿ ಬಂದರಿನ ಹೊರಗೆ ಕಾವಲು. ಅಪ್ಪ ಬಾಂಬಿನ ಪೀಪಾಯಿಯನ್ನು ನೀರಿಗೆ ಉರುಳಿಸಿದ್ರು. ಕೂಡಲೇ ಬೋಟ್ ಓಡ್ಬೇಕು. ನಿಧಾನ ಮಾಡಿದ್ರೆ ಸಬ್‌ಮರೀನಿಗಿಂತ ಮೊದಲು ನಾವೇ ಹಾರಿಹೋಗುದು!"

ಕೇಳುವವರಲ್ಲಿ ಜಪಾನಿ ಕಂಪನಿಯ ನೌಕರರಿದ್ದರೆ ಆ ವಾರ ಸಬ್‌ಮರೀನ್ ಜರ್ಮನಿಯದು. ಜರ್ಮನ್ ಕಂಪನಿಯವರಿದ್ದರೆ ಜಪಾನಿನದು. ಗಿರಾಕಿಯ ಮುಖ ನೋಡಿ ಮಾಲು ತೋರಿಸುವ ಅಭ್ಯಾಸ ಎಲ್ಲಿಗೆ ಹೋದೀತು?

ನಿಜ ಹೇಳುವುದಾದರೆ, ಲೂರ್ದ್ ಬದುಕಿದ್ದಾಗ ಮಗನಿಗೆ ಹೇಳಿದ್ದು ಇಷ್ಟೇ: ನೀರಿನಡಿ ಏನೋ ಇದ್ದಂತೆ ಯಂತ್ರಕ್ಕೆ ಕೇಳಿಸಿತು, ಬಾಂಬ್ ಹಾಕಿದರು. ಆ 'ಏನೋ' ಮೇಲೆ ಸಬ್‌ಮರೀನ್ ಎಂಬ ಚೀಟಿ ಅಂಟಿಸಿದವನು ಹರ್ಬರ್ಟ್. ಅಪ್ಪ ಬೋಟಿನಲ್ಲಿ ಅಡುಗೆಯವರಾಗಿದ್ದರು ಎಂಬ ಸಂಗತಿಯನ್ನು ಗೋದಾಮಿನ ಹಿಂದಿನ ಸಾಲಿಗೆ ಸರಿಸಿದವನೂ ಅವನೇ.

ಹೀಗಿರುವಾಗ ಕರಾವಳಿ ಸಂಘದ ವಾರ್ಷಿಕೋತ್ಸವಕ್ಕೆ 'ವೀರ ನಾವಿಕನ ಪುತ್ರನಿಗೆ ಸನ್ಮಾನ' ಎಂದು ಕಾರ್ಯದರ್ಶಿ ಡೆನಿಸ್ ಘೋಷಿಸಿದ. ಈ ಸೆಕೆಯ ಊರಿನಲ್ಲಿ ಶಾಲು ಯಾರಿಗೂ ಬೇಕಿಲ್ಲ. ಆದರೆ ವೇದಿಕೆಯ ಮೇಲೆ ಹೊದಿಸುವ ಶಾಲು ಬೇಡವೆಂದ ಕರಾವಳಿಯವನು ಇನ್ನೂ ಹುಟ್ಟಿಲ್ಲ. ಹರ್ಬರ್ಟ್ ಇಷ್ಟು ವರ್ಷ ಬೇರೆಯವರ ಸನ್ಮಾನಕ್ಕೆ ಕುರ್ಚಿ ಜೋಡಿಸಿದವನು. ಸುದ್ದಿ ಕೇಳಿದ ದಿನವೇ ಕನ್ನಡಿಯೆದುರು ಟವೆಲು ಹೊದ್ದು ನೋಡಿಕೊಂಡ.

ಮರುವಾರ ಡೆನಿಸನ ಫೋನು. "ಹರ್ಬರ್ಟ್ ಭಾಯ್, ಬಂಪರ್! ನಿಮ್ಮ ಅಪ್ಪನ ಒಟ್ಟಿಗೆ ಅದೇ ಬೋಟಲ್ಲಿದ್ದ ಗುಣಪಾಲ ಅಂತ ಒಬ್ರು ಅಬುಧಾಬಿಯಲ್ಲಿ ಮಗನ ಮನೆಗೆ ಬಂದಿದ್ದಾರೆ. ಅವರೇ ಚೀಫ್ ಗೆಸ್ಟ್. ಅವರ ಕೈಯಿಂದಲೇ ನಿಮಗೆ ಶಾಲು!"

ಹರ್ಬರ್ಟ್ ಫೋನಿಟ್ಟು ಅಡುಗೆಮನೆಗೆ ಹೋಗಿ ಸುದ್ದಿ ಹೇಳಿದ. ಹೆಂಡತಿ ಸಿಸಿಲಿಯಾ ಮೀನು ತೊಳೆಯುತ್ತಲೇ ಕೇಳಿದಳು: "ಈಗ ಎಂತ ಮಾಡ್ತೀರಿ? ಸಬ್‌ಮರೀನ್ ವಾಪಸ್ ತಗೊಳ್ತಾರಾ ಅಂಗಡಿಯಲ್ಲಿ?"

ಹರ್ಬರ್ಟ್ ಮರುದಿನವೇ ಬಸ್ಸು ಹಿಡಿದು, ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದ ಗುಣಪಾಲರ ಮಗನ ಫ್ಲಾಟಿನ ಬೆಲ್ ಒತ್ತಿದ. ಮುದುಕರ ಸೊಸೆ ಕೋಕಿಲಾ ಬಾಗಿಲು ತೆರೆದು ಒಳಗೆ ಕೂಗಿದಳು: "ಮಾವಾ, ನಿಮ್ಮ ಸಬ್‌ಮರೀನಿನ ಕತೆ ಕೇಳ್ಲಿಕ್ಕೆ ಜನ ಬಂದಿದ್ದಾರೆ."

"ನಿಮ್ಮ ಸಬ್‌ಮರೀನಾ?" ಎಂದ ಹರ್ಬರ್ಟ್.

ಎಂಬತ್ತು ದಾಟಿದ ಗುಣಪಾಲರು ಸೋಫಾದಲ್ಲಿ ನೆಟ್ಟಗೆ ಕೂತರು. "ಮತ್ತೆ? ಪೀಪಾಯಿ ಉರುಳಿಸಿದ್ದು ನಾನಲ್ವಾ!"

ಸೊಸೆ ಚಹಾ ಮಾಡಲು ಹೋದದ್ದೇ ಹರ್ಬರ್ಟ್ ಅವರ ಕಿವಿಯ ಹತ್ತಿರ ಬಗ್ಗಿದ. "ಅಂಕಲ್, ನಾನು ಲೂರ್ದ್ ಮಗ. ನಿಜವಾಗಿ ಸಬ್‌ಮರೀನ್ ಇತ್ತಾ?"

ಮುದುಕರು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು. "ಮೆಲ್ಲ ಮಾರಾಯ! ಎಂತ ಸಬ್‌ಮರೀನ್? ಮೀನಿನ ದೊಡ್ಡ ಹಿಂಡು. ಆದ್ರೆ ಈ ಮನೆಯಲ್ಲಿ ಐವತ್ತು ವರ್ಷದಿಂದ ಅದು ಮುಳುಗಿ ಆಗಿದೆ. ಮೇಲೆತ್ತಬೇಡ."

"ನಮ್ಮ ಮನೆಯಲ್ಲೂ ಮುಳುಗಿದೆ ಅಂಕಲ್. ನಮ್ಮಲ್ಲಿ ಅಪ್ಪ ಮುಳುಗಿಸಿದ್ದು."

"ಲೂರ್ದಾ? ಅವ ಅಡುಗೆಯವ!" ಗುಣಪಾಲರು ಸ್ವಲ್ಪ ಯೋಚಿಸಿದರು. ಅವರೂ ಒಂದು ಕಾಲದಲ್ಲಿ ಊರಲ್ಲಿ ಜವಳಿ ಅಂಗಡಿ ಇಟ್ಟವರು. "ಹಾಗಾದ್ರೆ ಎರಡು ಮಾಡುವ. ಒಂದು ನನಗೆ, ಒಂದು ನಿನ್ನ ಅಪ್ಪನಿಗೆ. ಸಮುದ್ರದಲ್ಲಿ ಜಾಗಕ್ಕೆ ಬರಗಾಲವಾ?"

ವ್ಯವಹಾರ ಕುದುರಿತು. ಖಲಾಸ್. ಡೆನಿಸನಿಗೂ ಎರಡು ಸಬ್‌ಮರೀನಿನ ಲೆಕ್ಕ ಫೋನಿನಲ್ಲಿ ಒಪ್ಪಿಸಿ, ಹರ್ಬರ್ಟ್ ಬಸ್ಸಿನಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆದ.

ಸಮಾರಂಭದ ಸಂಜೆ ಸಭಾಂಗಣ ತುಂಬಿತ್ತು. ಗುಣಪಾಲರು ಮೈಕು ಹಿಡಿದು ತಮ್ಮ ಪಾಲಿನ ಸಬ್‌ಮರೀನನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮುಳುಗಿಸಿದರು. ಚಪ್ಪಾಳೆ. "ಇನ್ನು ನಮ್ಮ ಲೂರ್ದ್..." ಎಂದು ಶುರು ಮಾಡಿದವರಿಗೆ ಸಬ್‌ಮರೀನಿನ ಬದಲು ಬೋಟೇ ನೆನಪಾಯಿತು.

"ಆ ಬೋಟು ತೊಟ್ಟಿಲಿನ ಹಾಗೆ ಹೊಯ್ದಾಡುದು. ನಾವೆಲ್ಲ ಬಕೆಟಿಗೆ ತಲೆ ಹಾಕಿ ಬಿದ್ದುಕೊಂಡಿದ್ದೆವು. ಲೂರ್ದನಿಗೂ ವಾಂತಿ. ಆದ್ರೂ ಸೊಂಟಕ್ಕೆ ಹಗ್ಗ ಕಟ್ಟಿ ಒಲೆಯ ಎದುರಿನ ಕಂಬಕ್ಕೆ ಬಿಗಿದುಕೊಂಡು ಅನ್ನ ಬೇಯಿಸ್ತಿದ್ದ. ಬಾಂಬ್ ಬಿದ್ದ ಮೇಲೆ ನೀರಿನ ಮೇಲೆಲ್ಲ ಮೀನು! ಬಲೆ ಇಲ್ಲ, ಬಕೆಟಲ್ಲೇ ಬಾಚಿದೆವು. ಅವತ್ತು ಅವ ಹುಣಸೆ, ಮೆಣಸು ಅರೆದು ಮಾಡಿದ ಗಸಿ... ಬಿದ್ದುಕೊಂಡವರೆಲ್ಲ ಎದ್ದು ಕೂತರು."

ಡೆನಿಸ್ ಹಿಂದಿನಿಂದ ಪಿಸುಗುಟ್ಟಿದ: "ಸರ್, ಎರಡನೇ ಸಬ್‌ಮರೀನ್..."

"ಅದು ಇರ್ಲಿ ಮಾರಾಯ, ಮೀನು ಕೇಳು!"

ಸಭೆಗೂ ಬೇಕಿದ್ದದ್ದು ಮೀನೇ. ಮುಂದಿನ ಸಾಲಿನವರು ಜೊಲ್ಲು ನುಂಗಿದ್ದು ವೇದಿಕೆಗೆ ಕಾಣುತ್ತಿತ್ತು. ಮೈಕು ಹರ್ಬರ್ಟನ ಕೈಗೆ ಬಂತು. ಬಾಯಿಪಾಠ ಮಾಡಿದ್ದ ಸಬ್‌ಮರೀನ್ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಮಾತು ಸಾಕಿತ್ತು, ಶಾಲು ಖಾತ್ರಿ. ಆದರೆ ಹಗ್ಗದಲ್ಲಿ ಜೋತು, ಓಕರಿಸುತ್ತ ಗಸಿ ತಿರುವುವ ಅಪ್ಪನನ್ನು ಅವನು ಅವತ್ತೇ ಮೊದಲ ಸಲ ಕಂಡದ್ದು.

"ಸಬ್‌ಮರೀನ್ ಪೂರಾ ಅಂಕಲ್‌ದೇ," ಎಂದ. "ನನ್ನ ಅಪ್ಪ ಅಡುಗೆಯವರು."

ಸಿಸಿಲಿಯಾ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಹಿಂದಿನಿಂದ ಯಾರೋ ಕೂಗಿದರು: "ಮೀನು ಯಾವುದು?"

"ಅಂಜಲ್," ಎಂದ ಹರ್ಬರ್ಟ್, ತಾನೇ ಹಿಡಿದವನಂತೆ.

"ಬಂಗುಡೆ!" ಎಂದರು ಗುಣಪಾಲರು.

"ಇಲ್ಲ ಅಂಕಲ್, ಅಂಜಲ್. ಸನ್ಮಾನಕ್ಕೆ ದೊಡ್ಡ ಮೀನು ಬೇಡ್ವಾ?"

ಗುಣಪಾಲರು ಹೊದಿಸಲೆಂದು ಬಿಡಿಸಿದ್ದ ಶಾಲನ್ನು ಮತ್ತೆ ಮಡಚತೊಡಗಿದರು. "ಬಂಗುಡೆ ಹೇಳು. ಆಮೇಲೆ ಶಾಲು."

ಸಭೆ ಬಿದ್ದು ಬಿದ್ದು ನಕ್ಕಿತು. ಹರ್ಬರ್ಟ್ ಶಾಲನ್ನೊಮ್ಮೆ, ಮುದುಕರನ್ನೊಮ್ಮೆ ನೋಡಿದ. "ಆಯ್ತು. ಬಂಗುಡೆ."

ಶಾಲು ಹೆಗಲಿಗೇರಿತು. ಫೋಟೋದವನು ಸರಿಯಾಗಿ ನಿಲ್ಲಲು ಹೇಳುತ್ತಿರುವಾಗ ಹರ್ಬರ್ಟ್ ತುಟಿ ಅಲುಗಿಸದೆ ಕೇಳಿದ: "ಅಂಕಲ್, ಆ ಹಗ್ಗ ಕಟ್ಟಿಕೊಂಡದ್ದು? ಅದಾದ್ರೂ ನಿಜವಾ?"

"ಅದು ನಿಜ ಮಗಾ," ಎಂದರು ಗುಣಪಾಲರು, ಕ್ಯಾಮೆರಾ ನೋಡುತ್ತಲೇ. "ಗಂಟು ಹಾಕಿದ್ದು ನಾನೇ."